ಹಚ್ಚದ ಅರಿಶಿಣ

ನನ್ನ ಹೆಂಡತಿ ಲಿವರಿನ ಕಾಯಿಲೆಯಿಂದ ತೀರಿಕೊಂಡಳು ಎಂದ ಕೂಡಲೇ ಎದುರಿನವರ ಮುಖದಲ್ಲಿ ಒಂದು ಪ್ರಶ್ನೆ ಮೂಡುತ್ತದೆ. ಕೆಲವರು ಅದನ್ನು ನುಂಗಿಕೊಳ್ಳುತ್ತಾರೆ, ಕೆಲವರು ಕೇಳಿಯೇ ಬಿಡುತ್ತಾರೆ. ಕುಡಿಯುತ್ತಿದ್ದರೇ ಎಂದು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ವಿಜಯಪುರದ ಕಡೆಯ ಹೆಣ್ಣುಮಗಳು ಅವಳು, ಕೆಮ್ಮಿನ ಔಷಧಿಯ ವಾಸನೆಗೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದವಳು. ಈಗ ಸಿಟ್ಟಾಗುವುದನ್ನು ಬಿಟ್ಟಿದ್ದೇನೆ. ನನ್ನ ಸಿಟ್ಟು ಮಾಡಿದ ಅನಾಹುತ ಸಾಕಷ್ಟಾಗಿದೆ. ಕುಡಿಯದವರಿಗೂ ಇದು ಬರುತ್ತದೆ ಎಂದಷ್ಟೇ ಹೇಳುತ್ತೇನೆ. ಬರುವ ಮೊದಲು ವರ್ಷಗಟ್ಟಲೆ ಸುಳಿವು ಕೊಡುತ್ತದೆ, ನೋಡುವವರು ಬೇಕು ಎನ್ನುತ್ತೇನೆ. ನಮ್ಮ ಮನೆಯಲ್ಲಿ ನೋಡಬೇಕಾದವನು ನಾನಾಗಿದ್ದೆ.

ನೋಡುವುದೇ ನನ್ನ ಹೊಟ್ಟೆಪಾಡು, ಅದನ್ನೂ ಹೇಳಿಬಿಡಬೇಕು. ಮುಂಬೈಯ ಪರೇಲಿನಲ್ಲಿ ಹಿಂದೆ ಬಟ್ಟೆಯ ಮಿಲ್ ಇದ್ದ ಕಂಪೌಂಡಿನೊಳಗೆ ಎದ್ದಿರುವ ಕಟ್ಟಡದ ಆರನೇ ಮಹಡಿಯಲ್ಲಿ ನಮ್ಮ ಆಫೀಸು. ಹೊರದೇಶಕ್ಕೆ ಹೋಗುವ ಉಡುಪುಗಳ ಬಟ್ಟೆಗೆ ಬಣ್ಣ ಹಾಕಿ ತಂದಾಗ, ಗಿರಾಕಿ ಒಪ್ಪಿದ ತುಂಡಿನ ಪಕ್ಕದಲ್ಲಿಟ್ಟು ಶೇಡ್ ಹೊಂದುತ್ತದೋ ಇಲ್ಲವೋ ಎಂದು ಹೇಳುವವನು ನಾನು. ಈಗ ಯಂತ್ರಗಳು ಬಂದಿವೆ, ಬಗೆಬಗೆಯ ದೀಪಗಳಿರುವ ಪೆಟ್ಟಿಗೆ ಬಂದಿದೆ. ಆದರೂ ಅನುಮಾನ ಬಂದಾಗ ಹುಡುಗರು ಬಟ್ಟೆ ಹಿಡಿದುಕೊಂಡು ನನ್ನ ಕಿಟಕಿಗೇ ಬರುತ್ತಾರೆ. ಅದು ಉತ್ತರದ ಕಿಟಕಿ, ನೇರ ಬಿಸಿಲು ಬೀಳುವುದಿಲ್ಲ, ಅಲ್ಲಿ ಬಣ್ಣ ಸುಳ್ಳು ಹೇಳುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ಒಂದೇ ಎಂದು ಕಂಡ ಎರಡು ಹಳದಿಗಳು ಆ ಕಿಟಕಿಯಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತವೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಬಟ್ಟೆಯ ಇಡೀ ಲಾಟನ್ನು ವಾಪಸ್ ಕಳಿಸಿ ಬೈಸಿಕೊಂಡಿದ್ದೇನೆ. ಆ ಕಿಟಕಿಯ ಎದುರಿಗೆ, ರಸ್ತೆಯ ಆಚೆ, ದೊಡ್ಡದೊಂದು ಆಸ್ಪತ್ರೆ ಕಾಣುತ್ತದೆ.

ಮನೆ ಗೋರೆಗಾಂವ್‌ನಲ್ಲಿ, ಹಳೆಯ ಕಾಲನಿಯೊಂದರ ನೆಲಮಹಡಿಯಲ್ಲಿ. ಪಕ್ಕದ ಬಿಲ್ಡಿಂಗ್ ಒತ್ತಿಕೊಂಡು ನಿಂತಿರುವುದರಿಂದ ಹಗಲಿನಲ್ಲೂ ದೀಪ ಹಾಕಬೇಕು. ಬೆಳಿಗ್ಗೆ ಏಳರ ಲೋಕಲ್ ರೈಲಿಗೆ ಹೊರಟರೆ ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿ ನಾನು ಹೆಂಡತಿಯ ಮುಖವನ್ನು ಹೆಚ್ಚಾಗಿ ಬಲ್ಬಿನ ಬೆಳಕಿನಲ್ಲೇ ನೋಡಿದ್ದೆ. ಇದನ್ನು ನೆವವೆಂದು ಹೇಳುತ್ತಿಲ್ಲ. ಭಾನುವಾರಗಳು ಇದ್ದವು.

ಮೊದಲು ಬಂದದ್ದು ತುರಿಕೆ. ಅಂಗೈ, ಅಂಗಾಲು. ಟಿವಿ ನೋಡುತ್ತ ಕುಳಿತವಳು ಅಂಗೈಯನ್ನು ಮಂಚದ ಅಂಚಿಗೆ ಉಜ್ಜುತ್ತಿದ್ದಳು, ಬಾಗಿಲಲ್ಲಿ ನಿಂತರೆ ಕಾಲನ್ನು ನಾರಿನ ಕಾಲೊರಸಿಗೆ ತಿಕ್ಕುತ್ತಿದ್ದಳು. ಸೋಪು ಬದಲಾಯಿಸಿದೆವು. ಬಟ್ಟೆ ಒಗೆಯುವ ಪುಡಿ ಬದಲಾಯಿಸಿದೆವು. ಬಿಲ್ಡಿಂಗಿನ ನೀರಿನ ಟಾಕಿ ತೊಳೆಸಿಲ್ಲವೆಂದು ನಾನು ಸೊಸೈಟಿಯವರ ಜೊತೆ ಜಗಳವನ್ನೂ ಆಡಿದೆ. ಅವಳು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿಕೊಂಡಳು. ಮೂಲೆಯ ಡಾಕ್ಟರು ಅಲರ್ಜಿ ಎಂದು ಗುಳಿಗೆ, ಮುಲಾಮು ಕೊಟ್ಟರು. ಮೈಮೇಲೆ ಒಂದು ಗುಳ್ಳೆಯಾಗಲಿ ದದ್ದಾಗಲಿ ಇರಲಿಲ್ಲ ಎನ್ನುವುದನ್ನು ಅವರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಅಂಗೈ ತುರಿಸಿದರೆ ಭಾಗ್ಯ ಬರುತ್ತದಂತೆ ಎಂದು ನಾನು ರೇಗಿಸುತ್ತಿದ್ದೆ. "ಎರಡೂ ಕೈ ತುರಸಾಕತ್ತಾವು, ಲಾಟರಿನ ಹತ್ತತದ ನೋಡು" ಎಂದಿದ್ದೆ. ಅವಳು ನಗುತ್ತ ತುರಿಸಿಕೊಂಡಳು.

ಆಮೇಲೆ ದಣಿವು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಪಕ್ಕದ ಮೂರು ಮನೆಗಳಿಗೆ ಕೇಳುತ್ತಿತ್ತು, ಅಷ್ಟು ಜೋರಾಗಿ ಬಡಿಯುವವಳು. ಕ್ರಮೇಣ ಅದು ಮೆತ್ತಗಾಯಿತು. ಹತ್ತು ರೊಟ್ಟಿಯ ನಡುವೆ ಎರಡು ಸಲ ಕುಳಿತು ಏಳತೊಡಗಿದಳು. ಕೊನೆಗೊಂದು ದಿನ ತಟ್ಟೆಯಲ್ಲಿ ಅಂಗಡಿಯ ಚಪಾತಿ ಬಂತು, ನಾನು ಮುಖ ಗಂಟು ಹಾಕಿಕೊಂಡು ತಿಂದೆ. ಒಗ್ಗರಣೆಯ ವಾಸನೆ ಆಗುತ್ತಿಲ್ಲವೆಂದು ಎಣ್ಣೆ ಕಾಯಲು ಇಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದಳು. ಮುಟ್ಟು ನಿಲ್ಲುವ ವಯಸ್ಸು, ಇದೆಲ್ಲ ಇರುವುದೇ ಎಂದು ಕಾಲನಿಯ ಹೆಂಗಸರು ಹೇಳಿದರು. ನನಗೆ ಆ ಉತ್ತರ ಬಹಳ ಅನುಕೂಲವಾಗಿತ್ತು.

ಮೊದಲು ಸತ್ಯ ಹೇಳಿದವನು ಬಳೆಗಾರ. ಅವನೂ ವಿಜಯಪುರದ ಕಡೆಯ ಮುಸಲ್ಮಾನ, ಸ್ಟೇಷನ್ ಹತ್ತಿರ ಮೆಟ್ಟಿಲ ಕೆಳಗೆ ಅವನ ಸಣ್ಣ ಅಂಗಡಿ. ಶ್ರಾವಣದಲ್ಲಿ ಮಾತ್ರ ಪೆಟ್ಟಿಗೆ ಹೊತ್ತು ಕಾಲನಿಗೆ ಬರುತ್ತಿದ್ದ, ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಹೆಂಗಸರೆಲ್ಲ ನಮ್ಮ ಬಾಗಿಲ ಮುಂದಿನ ಕಟ್ಟೆಯಲ್ಲಿ ಸೇರುತ್ತಿದ್ದರು. ಎಲ್ಲರಿಗೂ ಅವನು ಚಾಚಾ, ಅವನಿಗೆ ಎಲ್ಲರೂ ಬೇಟಿ. ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನ ಬುಡದ ಎಲುಬನ್ನು ಮೆಲ್ಲಗೆ ಒತ್ತಿ ಒತ್ತಿ ಹದ ಮಾಡಿ, ಬೇಕಾದರೆ ಸೋಪಿನ ತುಂಡು ಸವರಿ, ಒಂದೊಂದೇ ಬಳೆ ಏರಿಸುತ್ತಿದ್ದ. ಪ್ರತಿ ಬಳೆಗೂ "ನೋವಾದ್ರ ಹೇಳು ಬೇಟೀ" ಎನ್ನುತ್ತಿದ್ದ. ಇಟ್ಟು ಮುಗಿದ ಮೇಲೆ ನನ್ನ ಹೆಂಡತಿ ಸೆರಗು ಹೊದ್ದು ಅವನಿಗೆ ನಮಸ್ಕಾರ ಮಾಡುತ್ತಿದ್ದಳು. ಮುತ್ತೈದೆಯಾಗಿ ಬಾಳು ಎಂದು ಅವನು ಹರಸುತ್ತಿದ್ದ.

ಆ ವರ್ಷ ಶ್ರಾವಣದ ಒಂದು ಭಾನುವಾರ ಅವನು ಬಂದಾಗ ನಾನು ಒಳಗೆ ಪೇಪರ್ ಓದುತ್ತಿದ್ದೆ. ಅವಳ ಸರದಿ ಬಂದಾಗ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಅವನೇ ಬಾಗಿಲಿಗೆ ಬಂದ.

"ಸಾಹೇಬ್ರ, ಒಂದ್ ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಹೋದ ವರ್ಷ ಬೇಟಿಗೆ ಎರಡು-ಆರು ಅಳತಿ ಇಟ್ಟೀನಿ. ಈ ಸಲ ಎರಡು-ನಾಲ್ಕು ಸಡ್ಲ ಆಗಾಕತ್ತಾವು. ಹೆಣ್ಮಕ್ಕಳ ಕೈ ಈ ವಯಸ್ಸಿನಾಗ ದೊಡ್ಡದಾಗ್ತದ್ರಿ, ಸಣ್ಣದಾಗಂಗಿಲ್ಲ. ಅಂಗೈ ನೋಡಿದ್ರ ಕೆಂಪಗ ಆಗ್ಯಾವು, ಮೆಹಂದಿ ಇಲ್ಲ, ಏನಿಲ್ಲ. ನಾ ಜರಾ ಒತ್ತಿದ್ದಕ್ಕ ನೀಲಿ ಕಲಿ ಬಿತ್ತು. ಒಮ್ಮಿ ದವಾಖಾನಿಗೆ ತೋರಸ್ರಿ."

ನನಗೆ ಹೆಂಗಸರೆದುರು ಅವಮಾನವಾದಂತಾಯಿತು. ನನ್ನ ಹೆಂಡತಿಯ ವಿಚಾರ ನನಗೆ ಗೊತ್ತಿಲ್ಲ, ಬಳೆ ಮಾರುವವನಿಗೆ ಗೊತ್ತಿದೆ.

"ಚಾಚಾ, ನೀವು ಬಳಿ ಇಡ್ರಿ. ಡಾಕ್ಟರಕಿ ಯಾವಾಗಿಂದ ಚಾಲೂ ಮಾಡೀರಿ? ಸೋಮವಾರ, ಶುಕ್ರವಾರ ಅಂತ ಉಪಾಸ ಮಾಡತಾಳ, ಕೈ ಸಣ್ಣ ಆಗ್ಯಾವು. ಅಷ್ಟ."

"ಮಾಫ್ ಮಾಡ್ರಿ" ಎಂದು ಅವನು ಹಿಂದಕ್ಕೆ ಹೋದ. ಅವನು ಹೋದ ಮೇಲೆ ಅವಳು ಒಳಗೆ ಬಂದು, "ಆ ವಯಸ್ಸಿನವರಿಗೆ ಹಂಗ ಅನಬಾರದಿತ್ರಿ. ಮಗಳಂಗ ತಿಳದು ಹೇಳಿದ್ರು" ಎಂದಳು. ನಾನು ಪೇಪರ್ ಮಡಚಲಿಲ್ಲ. ಅವಳ ಮುಂಗೈ ಮೇಲೆ ಹಸಿರು ಬಳೆಗಳ ಕೆಳಗೆ ಬೆರಳ ಗುರುತು ನೀಲಿಯಾಗಿತ್ತು, ಅದು ಹದಿನೈದು ದಿನ ಮಾಸಲಿಲ್ಲ. ಅದನ್ನೂ ನೋಡಿದ್ದೆ.

ಇನ್ನು ಅರಿಶಿಣದ ಮಾತು. ನಮ್ಮ ಕಡೆಯ ಹೆಣ್ಣುಮಕ್ಕಳು ಮಂಗಳವಾರ, ಶುಕ್ರವಾರ ಕೆನ್ನೆಗೆ, ಕೈಗೆ, ಪಾದಕ್ಕೆ ಅರಿಶಿಣ ಹಚ್ಚಿಕೊಳ್ಳುತ್ತಾರೆ. ಶ್ರಾವಣದಲ್ಲಂತೂ ಅವರ ಮನೆಗೆ ಇವರು, ಇವರ ಮನೆಗೆ ಅವರು ಹೋಗಿ ಒಬ್ಬರಿಗೊಬ್ಬರು ಹಚ್ಚಿ, ತಿಂಗಳಿಡೀ ಎಲ್ಲರ ಮುಖವೂ ಹಳದಿಯೇ. ಮುಂಬೈಗೆ ಬಂದು ಇಷ್ಟು ವರ್ಷವಾದರೂ ಅವಳು ಅದನ್ನು ಬಿಟ್ಟಿರಲಿಲ್ಲ. ಲೋಕಲ್‌ನಲ್ಲಿ ಜನ ನೋಡುತ್ತಾರೆ ಎಂದರೂ ಕೇಳುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಹಳದಿ ಎಂದರೆ ಯಾರೂ ಬೆಚ್ಚಿಬೀಳುವ ಬಣ್ಣವಾಗಿರಲಿಲ್ಲ. ಅದು ಶುಭದ ಬಣ್ಣ.

ಗಣಪತಿ ಹಬ್ಬ ಮುಗಿದ ವಾರ, ಭಾನುವಾರ ಬೆಳಿಗ್ಗೆ, ಮಳೆ ಬಿಟ್ಟು ಹೊರಗೆ ಬಿಸಿಲು ಬಿದ್ದಿತ್ತು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದೆ. ಅವಳು ಚಹಾ ತಂದು ಕೊಡುವಾಗ ಬೆಳಕು ಮುಖದ ಮೇಲೆ ಬಿತ್ತು. ಆ ಹಳದಿ ನನ್ನ ಕಣ್ಣಿಗೆ ಚುಚ್ಚಿತು. ಇದನ್ನು ನಾನು ಪ್ರಾಮಾಣಿಕವಾಗಿ ಬರೆಯಬೇಕು. ನನಗೆ ಕಾಣಲಿಲ್ಲ ಎಂದಲ್ಲ, ಕಂಡಿತು.

"ಮುಖಕ್ಕ ಇಷ್ಟ್ಯಾಕ ಅರಿಶಿಣ ಬಡಕೊಂಡೀ?" ಎಂದೆ.

ಅವಳು ಕೆನ್ನೆ ಮುಟ್ಟಿಕೊಂಡು ಬೆರಳು ನೋಡಿಕೊಂಡಳು. "ಇವತ್ತ ನಾ ಹಚ್ಚೇ ಇಲ್ರಿ."

"ಶುಕ್ರವಾರದ್ದು ಉಳದಿರಬೇಕು. ನೀರಿಗೆ ಹೋಗಂಗಿಲ್ಲ ಅದು, ಬಿಸಿಲಿಗೆ ಹೋಗ್ತದ" ಎಂದು ನನ್ನ ವಿದ್ಯೆ ತೋರಿಸಿದೆ. ಅರಿಶಿಣದ ಬಣ್ಣ ಒಗೆದರೆ ಬಿಡುವುದಿಲ್ಲ, ಬಿಸಿಲಿಗೆ ಹಾಕಿದರೆ ಹಾರಿಹೋಗುತ್ತದೆ, ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. "ಹೋಗಿ ಸ್ವಲ್ಪ ಬಿಸಲಾಗ ನಿಂದ್ರು."

ಅವಳು ಹೋಗಿ ನಿಂತಳು. ಒಗೆದ ಬಟ್ಟೆ ಹರವಿದ್ದ ತಂತಿಯ ಪಕ್ಕ, ಸೆರಗು ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ನಿಂತಳು. ಹತ್ತು ನಿಮಿಷವಾದರೂ ನಿಂತಿರಬೇಕು. ಆಮೇಲೆ ಅಲ್ಲಿಂದಲೇ ಕೇಳಿದಳು, "ಹೋತೇನ್ರಿ?"

"ಹೂಂ, ಸ್ವಲ್ಪ ಹೋಗ್ಯದ" ಎಂದೆ, ಪೇಪರಿನಿಂದ ತಲೆ ಎತ್ತದೆ.

ಆ ಹತ್ತು ನಿಮಿಷ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬೇರೆ ಏನನ್ನಾದರೂ ಮರೆಯಬಲ್ಲೆ. ನನ್ನ ಮಾತು ನಂಬಿ ರೋಗವನ್ನು ಬಿಸಿಲಿಗೆ ಹಿಡಿದು ನಿಂತಿದ್ದ ಆ ಮುಖವನ್ನು ಮರೆಯಲಾರೆ.

ನಿಜವನ್ನು ಹಿಡಿದದ್ದು ಮಗಳು. ಅವಳಾಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಆಡಲು ಹೋದರೆ ಅರ್ಧಕ್ಕೇ ಹಿಂದಿಗೆ ಜಾರುತ್ತಾಳೆ. ದಸರೆಯ ದಿನ ಬನ್ನಿ ಕೊಟ್ಟು ಬಂದ ಮೇಲೆ ಗೇಟಿನ ಬಳಿ ಅಮ್ಮನ ಫೋಟೋ ತೆಗೆದಳು. ಮನೆಗೆ ಬಂದು ಮೊಬೈಲನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದವಳು ನನ್ನ ಹತ್ತಿರ ಬಂದಳು.

"ಪಪ್ಪಾ, ಮಮ್ಮೀದು ಆಂಖೇಂ ದೇಖೋ. ಕಣ್ಣಾಗ... ವೋ ಬಿಳೀದು ಇರ್ತದಲ್ಲ, ಅದು ಹಳದಿ ಅದ. ಪಿಛಲೇ ಸಾಲ್ ಕಾ ಫೋಟೋ ನೋಡು, ಬಿಳಿ ಅದ."

ಹೋದ ವರ್ಷದ್ದು, ಈ ವರ್ಷದ್ದು, ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಳು. ನಾನು ದಿನವೂ ಮಾಡುವ ಕೆಲಸ ಅದು. ಹೆಂಡತಿಯ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ, ಗೋಡೆಯ ನೆರಳಿನಲ್ಲಿ ನಿಲ್ಲಿಸಿ, ಬಿಳಿ ಹಾಳೆಯೊಂದನ್ನು ಕೆನ್ನೆಯ ಪಕ್ಕ ಹಿಡಿದು ಮೇಲೆ ನೋಡು ಎಂದೆ. ಕಣ್ಣಿನೊಳಗೆ ಯಾವ ಹೆಂಗಸೂ ಅರಿಶಿಣ ಹಚ್ಚಿಕೊಳ್ಳುವುದಿಲ್ಲ. "ಏನಾಗ್ಯದ್ರಿ?" ಎಂದಳು. ಹಾಳೆ ಮಡಚಿ, ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂದೆ.

ನನ್ನ ಕಿಟಕಿಯ ಎದುರಿಗಿದ್ದ ಆಸ್ಪತ್ರೆಗೇ ಹೋದೆವು. ಡಾಕ್ಟರು ಮರಾಠಿ ಹೆಣ್ಣುಮಗಳು, ತಾಳ್ಮೆಯವರು. ತುರಿಕೆ ಯಾವಾಗಿನಿಂದ ಎಂದು ಕೇಳಿದರು. "ಮೂರು ವರ್ಷ" ಎಂದಳು ಇವಳು. ನಾನು ಒಂದು ವರ್ಷ ಎಂದುಕೊಂಡಿದ್ದೆ. ಮೂತ್ರದ ಬಣ್ಣ ಕೇಳಿದರು. ಎರಡು ತಿಂಗಳಿಂದ ಕಡಕ್ ಚಹಾದಂತೆ ಇದೆ ಎಂದಳು. ನಾನು ಅವಳ ಕಡೆ ತಿರುಗಿದೆ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ. ನೀರು ಕಡಿಮಿ ಕುಡೀತಿ ಅಂದ್ರಿ."

ಹೇಳಿದ್ದಳು. ಬೂಟು ಹಾಕಿಕೊಳ್ಳುತ್ತಿದ್ದಾಗ ಹೇಳಿದ್ದಳು, ಲೋಕಲ್ ತಪ್ಪುತ್ತದೆಂಬ ಅವಸರದಲ್ಲಿ ಉತ್ತರ ಕೊಟ್ಟಿದ್ದೆ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಲಿವರಿನೊಳಗೆ ಪಿತ್ತ ಹರಿಯುವ ಸಣ್ಣ ಸಣ್ಣ ನಾಳಗಳಿವೆ, ಕೆಲವರಲ್ಲಿ, ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ, ದೇಹವೇ ಅವನ್ನು ಮೆಲ್ಲಗೆ ಕೆಡಿಸುತ್ತ ಹೋಗುತ್ತದೆ. ಅದಕ್ಕೂ ಕುಡಿತಕ್ಕೂ ಸಂಬಂಧವಿಲ್ಲ. ದದ್ದಿಲ್ಲದ ತುರಿಕೆ, ಕಾರಣವಿಲ್ಲದ ದಣಿವು, ಇವೇ ಮೊದಲ ಸುಳಿವು. ಆಗಲೇ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು, ಗುಳಿಗೆಯಿಂದ ಎಷ್ಟೋ ವರ್ಷ ತಡೆಯಬಹುದಿತ್ತು. ಅಂಗೈ ಕೆಂಪಾಗುವುದು, ತೋಳು ಕೈ ಸೊರಗುವುದು, ಮುಟ್ಟಿದರೆ ಕಂದುವುದು, ಇದೆಲ್ಲ ಲಿವರು ಗಟ್ಟಿಯಾಗತೊಡಗಿದ ಮೇಲಿನದು. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ. "ಘರಾತ ಕೋಣಾಚ್ಯಾ ಲಕ್ಷಾತ ಆಲಂ ನಾಹೀ ಕಾ?" ಎಂದು ಅವರು ಕೇಳಿದರು, ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಬಳೆಗಾರ ಗಮನಿಸಿದ್ದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಏಳು ತಿಂಗಳ ಬಗ್ಗೆ ಹೆಚ್ಚು ಬರೆಯಲಾರೆ. ಹೊಟ್ಟೆಯಲ್ಲಿ ನೀರು ತುಂಬಿತು, ತೆಗೆದರು, ಮತ್ತೆ ತುಂಬಿತು. ಕಾಲು ಬಾತು ಕಾಲುಂಗುರ ಕತ್ತರಿಸಿ ತೆಗೆಯಬೇಕಾಯಿತು. ಆ ದಿನ ಅವಳು ಅತ್ತಷ್ಟು ಸೂಜಿಗೂ ಅಳಲಿಲ್ಲ. ಮಗಳು ತನ್ನ ಲಿವರಿನ ಭಾಗ ಕೊಡುತ್ತೇನೆಂದು ಹಟ ಹಿಡಿದಳು. ಇವಳು ಬೇಡವೇ ಬೇಡ ಎಂದಳು. ಕೊನೆಗೆ ಇಬ್ಬರದೂ ರಕ್ತದ ಗುಂಪು ಹೊಂದಲಿಲ್ಲ. ನನ್ನದೂ ಹೊಂದಲಿಲ್ಲ. ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಕಾದೆವು.

ಒಂದು ಮಧ್ಯಾಹ್ನ ವಾರ್ಡಿನ ಕಿಟಕಿಯ ಬಳಿ ಕುಳಿತಾಗ, "ನಿಮ್ಮ ಆಫೀಸು ಯಾವದ್ರಿ ಇಲ್ಲೆ?" ಎಂದಳು. ಎದುರಿನ ಕಟ್ಟಡದ ಮಹಡಿ ಎಣಿಸಿ ನನ್ನ ಕಿಟಕಿ ತೋರಿಸಿದೆ. ಯಾರೋ ಹುಡುಗ ಅಲ್ಲಿ ನಿಂತು ಬಟ್ಟೆ ಹಿಡಿದು ನೋಡುತ್ತಿದ್ದ.

"ಇಷ್ಟ ಸಮೀಪ ಅದ ಏನ್ರಿ" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಆ ಕೈ ನನ್ನ ಮುಷ್ಟಿಯೊಳಗೆ ಸಂಪೂರ್ಣ ಅಡಗಿತು. ಅಷ್ಟೊಂದು ತುರಿಸುತ್ತಿದ್ದಾಗ, ಸುಸ್ತಾಗುತ್ತಿದ್ದಾಗ ಯಾಕೆ ಗಟ್ಟಿಯಾಗಿ ಹೇಳಲಿಲ್ಲ ನೀನು, ಯಾಕೆ ನನ್ನನ್ನು ಬೈದು ಕರೆದುಕೊಂಡು ಹೋಗಲಿಲ್ಲ ಎಂದು ಕೇಳಿದೆ.

"ಚಾಚಾಗ ಅಷ್ಟು ಅಂದ್ರಿ. ಮತ್ತ ನಾ ಹೇಳಿದ್ರ ಅವರು ಕಲಿಸಿದ ಮಾತು ಅಂತೀರಿ ಅಂತ ಸುಮ್ನಾದೆ" ಎಂದಳು. ದೂರುವ ದನಿಯಲ್ಲ ಅದು. ಮಳೆ ಬಂದಿತ್ತು, ಬಟ್ಟೆ ಒಳಗೆ ತಂದೆ ಎಂದು ಹೇಳುವ ದನಿ.

ವೈಶಾಖದ ಒಂದು ಬೆಳಿಗ್ಗೆ ಅವಳು ಹೋದಳು. ಮನೆಗೆ ತಂದಾಗ ಕಾಲನಿಯ ಹೆಂಗಸರೆಲ್ಲ ಸೇರಿದರು, ಹಸಿರು ಸೀರೆ ತಂದರು, ಅರಿಶಿಣ ಕಲಸಿದರು. ಪುಣ್ಯವಂತೆ, ಮುತ್ತೈದೆಯಾಗಿ ಹೋದಳು ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಹೌದೆಂದರು. ನನಗೆ ಎಲ್ಲರನ್ನೂ ಹೊರಗೆ ಹಾಕಬೇಕೆನ್ನಿಸಿತು. ಗಂಡ ಉಳಿದದ್ದು ಯಾವ ಪುಣ್ಯ, ಇಂಥ ಗಂಡ. ಅರಿಶಿಣ ಹಚ್ಚುತ್ತಿದ್ದ ನೆರೆಮನೆಯವರು ತಲೆಯೆತ್ತಿ, "ಇಷ್ಟು ಸಾಕೇನ್ರಿ ಅಣ್ಣಾ, ಇನ್ನಷ್ಟು ಹಚ್ಚಲಿ?" ಎಂದು ಕೇಳಿದರು. ಬಾಗಿಲಿನಿಂದ ಬೆಳಕು ಬೀಳುತ್ತಿತ್ತು. ಎಲ್ಲಿಯವರೆಗೆ ಅರಿಶಿಣ, ಎಲ್ಲಿಂದ ಅವಳ ಮೈಯ ಹಳದಿ ಎಂದು ನನಗೆ ತಿಳಿಯಲಿಲ್ಲ.

ಹಸಿರು ಬಳೆ ಬೇಕೆಂದರು. ಯಾರನ್ನೋ ಕಳಿಸುತ್ತೇವೆ, ನೀವು ಕುಳಿತಿರಿ ಎಂದರು. ನಾನೇ ಎದ್ದು ಸ್ಟೇಷನ್ನಿಗೆ ನಡೆದೆ. ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಬಳೆಗಾರ ಯಾರಿಗೋ ಬಳೆ ತೋರಿಸುತ್ತಿದ್ದ. ನನ್ನನ್ನು ನೋಡಿದ. ಹಸಿರು ಬಳೆ ಬೇಕು ಎಂದೆ. ಕಾಲನಿಯ ಸುದ್ದಿ ಅವನ ಕಿವಿಗೂ ಬಿದ್ದಿರಬೇಕು, ಯಾರಿಗೆಂದು ತಿಳಿದುಕೊಂಡ. ಗಿರಾಕಿಗೆ ಆಮೇಲೆ ಬರಲು ಹೇಳಿ, ಎದ್ದು ಮೇಲಿನ ಸಾಲಿನಿಂದ ಒಂದು ಹಸಿರು ಕಟ್ಟು ತೆಗೆದ. ಅದರ ಮೇಲೆ ಬರೆದಿದ್ದ ಅಳತೆ ಎರಡು-ಎರಡು. ಹೊಸ ಮದುವೆಯ ಹುಡುಗಿಯರ ಅಳತೆ.

"ನಡೀರಿ ಸಾಹೇಬ್ರ, ನಾನ ಬರ್ತೀನಿ" ಎಂದು ಅಂಗಡಿಯ ಬಾಗಿಲು ಎಳೆದ.

ಕ್ಷಮೆ ಕೇಳಬೇಕೆಂದುಕೊಂಡು ಕಾಲನಿಯ ಗೇಟಿನವರೆಗೂ ನಡೆದೆ, ಕೇಳಲಾಗಲಿಲ್ಲ. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಂಗಸರು ಸರಿದು ಜಾಗ ಬಿಟ್ಟರು. ಅವಳ ಪಕ್ಕದಲ್ಲಿ ಕುಳಿತು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ರೂಢಿಯಂತೆ ಜೇಬಿನಿಂದ ಸೋಪಿನ ತುಂಡು ತೆಗೆದ, ಆ ಕೈಯನ್ನು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ಹೆಬ್ಬೆರಳಿನ ಬುಡವನ್ನು ಒತ್ತುವ ಅಗತ್ಯವೇ ಇರಲಿಲ್ಲ, ಆದರೂ ಮೆಲ್ಲಗೆ ಒತ್ತಿದ. ಮೊದಲ ಬಳೆ ಏರಿಸುವಾಗ ಅವನ ಬಾಯಿಂದ ಅದೇ ಮಾತು ಬಂತು.

"ನೋವಾದ್ರ ಹೇಳು ಬೇಟೀ."

ಇಪ್ಪತ್ನಾಲ್ಕು ವರ್ಷದಲ್ಲಿ ಆ ಮಾತನ್ನು ನಾನು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ.